ಈರಿ ಸರೋವರದ ಹಿಮ: ಬಫಲೋ ಊರಿನ ಮೂರು ಚಳಿಗಾಲಗಳು

ಮುಂಬಾಗಿಲು ತೆರೆದರೆ ಎದುರಿಗೆ ಇನ್ನೊಂದು ಬಾಗಿಲು. ಮರದ್ದಲ್ಲ, ಹಿಮದ್ದು. ನಿಮ್ಮ ಮನೆ ಬಾಗಿಲಿನ ಪಟ್ಟಿ, ಹಿಡಿಕೆ ಎಲ್ಲದರ ಅಚ್ಚು ಅದರ ಮೇಲೆ ಮೂಡಿರುತ್ತದೆ. 2014ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ಸುತ್ತಮುತ್ತ ಜನ ಇಂಥದ್ದನ್ನೇ ಕಂಡರು. ಊರಿನ ದಕ್ಷಿಣದ ಬಡಾವಣೆಗಳಲ್ಲಿ ಐದು ಅಡಿಗೂ ಜಾಸ್ತಿ ಹಿಮ ಬಿತ್ತು. ಉತ್ತರಕ್ಕೆ ಕೆಲವೇ ಮೈಲಿ ಹೋದರೆ ಬರೀ ನಾಲ್ಕಾರು ಇಂಚು.

ಒಂದೇ ಊರಲ್ಲಿ ಹೀಗೇಕೆ? ಇದಕ್ಕೆ ಕಾರಣ ಪಕ್ಕದ ಈರಿ ಸರೋವರ. ನವೆಂಬರ್ ಹೊತ್ತಿಗೆ ನೆಲ ತಣ್ಣಗಾಗಿರುತ್ತದೆ, ನೀರಿನಲ್ಲಿ ಮಾತ್ರ ಬೇಸಿಗೆಯ ಶಾಖ ಇನ್ನೂ ಉಳಿದಿರುತ್ತದೆ. ಕೆನಡಾ ಕಡೆಯ ಕೊರೆಯುವ ಗಾಳಿ ಅದರ ಮೇಲೆ ಹಾಯುವಾಗ ಶಾಖವನ್ನೂ ತೇವವನ್ನೂ ಹೀರಿಕೊಂಡು ಮೇಲೇಳುತ್ತದೆ, ಮೋಡವಾಗುತ್ತದೆ. ಸರೋವರ ಸುಮಾರು 390 ಕಿಲೋಮೀಟರ್ ಉದ್ದ. ಗಾಳಿ ಆ ಉದ್ದಕ್ಕೇ ಬೀಸಿದರೆ ಮೋಡಗಳೆಲ್ಲ ಒಂದು ಕಿರಿದಾದ ಪಟ್ಟಿಯಾಗಿ ಕೂಡಿಕೊಳ್ಳುತ್ತವೆ. ಪೂರ್ವದ ತುದಿಯಲ್ಲಿ ಕುಳಿತಿರುವುದೇ ಬಫಲೋ. ಗಾಳಿ ಸ್ವಲ್ಪ ವಾಲಿದರೆ ಸಾಕು, ಪಟ್ಟಿ ಬೇರೆ ಬಡಾವಣೆಗೆ ಸರಿಯುತ್ತದೆ. ಅಲ್ಲಿಯವರು ಇದಕ್ಕೆ ‘ಲೇಕ್ ಎಫೆಕ್ಟ್’ ಹಿಮ ಅಂತಾರೆ.

ಹಾಗಾದರೆ ಸರೋವರ ಹೆಪ್ಪುಗಟ್ಟಿದರೆ ಕಾಟ ತಪ್ಪಿತು, ಅಲ್ವಾ? ಉತ್ತರ ಅಮೆರಿಕದ ಪಂಚ ಮಹಾ ಸರೋವರಗಳಲ್ಲಿ ಈರಿಯೇ ಕಡಿಮೆ ಆಳದ್ದು, ಬೇಗ ಹೆಪ್ಪುಗಟ್ಟುತ್ತದೆ. 1976ರಲ್ಲಿ ಡಿಸೆಂಬರ್ ಮಧ್ಯಕ್ಕೇ ಅದು ಗಟ್ಟಿಯಾಗಿತ್ತು. ಆದರೆ ಆಮೇಲೆ ಬಿದ್ದ ಹಿಮವೆಲ್ಲ ಆ ಮಂಜುಗಡ್ಡೆಯ ಮೇಲೆ ಪುಡಿಪುಡಿಯಾಗಿ ಕೂತಿತ್ತು. 1977ರ ಜನವರಿ 28ರಂದು ಗಾಳಿ ಎದ್ದಿತು, ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ. ಹೊಸದಾಗಿ ಬಿದ್ದ ಹಿಮ ಒಂದು ಅಡಿಯಷ್ಟೇ. ಉಳಿದದ್ದನ್ನು ಗಾಳಿ ಸರೋವರದಿಂದ ಗುಡಿಸಿ ತಂದು ಊರಿಗೆ ಸುರಿಯಿತು. ಮೃಗಾಲಯದ ಬೇಲಿಯೇ ಹಿಮದಡಿ ಮುಚ್ಚಿ, ಮೂರು ಹಿಮಸಾರಂಗಗಳು ಅದರ ಮೇಲೆ ನಡೆದು ಹೊರಗೆ ಬಂದವು. ಆ ಭಾಗದಲ್ಲಿ ಸತ್ತವರು 29 ಮಂದಿ. ಅವರಲ್ಲಿ ಕೆಲವರು ದಾರಿಯಲ್ಲಿ ಹೂತುಹೋದ ಕಾರುಗಳೊಳಗೇ ಸಿಕ್ಕರು.

ಈಗ ಚಳಿಗಾಲ ಬೆಚ್ಚಗಾಗುತ್ತಿದೆ. ಪಂಚ ಮಹಾ ಸರೋವರಗಳ ಮೇಲೆ ಮಂಜುಗಡ್ಡೆ 1970ರ ದಶಕಕ್ಕಿಂತ ಕಡಿಮೆ. ನೀರು ಹೆಚ್ಚು ದಿನ ತೆರೆದೇ ಇದ್ದರೆ ಹಿಮದ ಮೋಡಕ್ಕೆ ಅಷ್ಟೂ ದಿನ ಮೇವು ಸಿಕ್ಕಂತೆ.

2022ರ ಕ್ರಿಸ್‌ಮಸ್ ಹೊತ್ತಿಗೆ ಬಫಲೋಗೆ ಬಡಿದ ಹಿಮ ಬಿರುಗಾಳಿ ಹೇಳದೆ ಕೇಳದೆ ಬಂದದ್ದಲ್ಲ. ಹವಾಮಾನ ಇಲಾಖೆ ದಿನಗಳ ಮುಂಚೆಯೇ ಎಚ್ಚರಿಸಿತ್ತು. ಆದರೂ ವಾಹನ ಸಂಚಾರದ ನಿಷೇಧ ಜಾರಿಯಾದದ್ದು ಡಿಸೆಂಬರ್ 23ರ ಬೆಳಗ್ಗೆ ಒಂಬತ್ತೂವರೆಗೆ. ಅಷ್ಟರಲ್ಲಿ ಎಷ್ಟೋ ಜನ ಕೆಲಸಕ್ಕೆ ಹೊರಟಾಗಿತ್ತು. ಮುಂದಿನ 37 ಗಂಟೆ ಕಣ್ಣೆದುರಿನ ಕೈ ಕಾಣದ ಸ್ಥಿತಿ. ಬಫಲೋ ಇರುವ ಜಿಲ್ಲೆಯಾದ ಈರಿ ಕೌಂಟಿಯಲ್ಲಿ 47 ಜೀವ ಹೋದವು. ನಗರದೊಳಗೆ ಸತ್ತವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಕಪ್ಪು ವರ್ಣೀಯರು. ಊರಿನ ಜನಸಂಖ್ಯೆಯಲ್ಲಿ ಅವರು ಅಷ್ಟಿಲ್ಲ.

ಈ ಸಾವುಗಳನ್ನು ಬರೀ ಹಿಮದ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸು ಬರುವುದಿಲ್ಲ. ಕರೆಂಟ್ ಹೋದ ಮನೆಗಳಲ್ಲಿ ಹೀಟರ್ ಆರಿತ್ತು. ಆಂಬುಲೆನ್ಸ್‌ಗಳು, ಅಗ್ನಿಶಾಮಕ ವಾಹನಗಳು ಅರ್ಧ ದಾರಿಯಲ್ಲೇ ಹೂತುಕೊಂಡಿದ್ದವು. ಕೆಲವರು ಸತ್ತದ್ದು ಬೀದಿಯಲ್ಲೂ ಅಲ್ಲ, ಫೋನ್ ಮಾಡಿ ಸಹಾಯದ ದಾರಿ ಕಾಯುತ್ತಾ, ತಮ್ಮ ಮನೆಯೊಳಗೆ.