ಇಲ್ಲಿ ಯಜಮಾನರು ಯಾರು?

ಒಂದು ಕಟ್ಟಡಕ್ಕೆ ಬೆಂಕಿ ಬಿದ್ದಿದೆ. ಪೊಲೀಸರು ಬಂದಿದ್ದಾರೆ, ಅಗ್ನಿಶಾಮಕ ದಳ ಬಂದಿದೆ, ಆಂಬುಲೆನ್ಸ್ ನಿಂತಿದೆ, ಕರೆಂಟ್ ತೆಗೆಯುವವರೂ ಬಂದಿದ್ದಾರೆ. ಎಲ್ಲರಿಗೂ ಅವರವರ ಮೇಲಧಿಕಾರಿ ಇದ್ದಾರೆ, ಅವರವರ ವೈರ್‌ಲೆಸ್ ಇದೆ. ಆದರೆ ಇನ್ನೂ ಒಳಗೆ ನುಗ್ಗಬೇಕೋ, ಕಟ್ಟಡ ಕುಸಿಯುತ್ತದೆ ಅಂತ ಎಲ್ಲರೂ ಹಿಂದೆ ಸರಿಯಬೇಕೋ? ಅದನ್ನು ಹೇಳುವವರು ಯಾರು? ಈ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಬರೆಯುವ ಕೆಲಸ ಶುರುವಾಗಿ ಐವತ್ತು ವರ್ಷ ದಾಟಿದೆ.

ಶುರುವಾಗಿದ್ದು ಕಾಳ್ಗಿಚ್ಚಿನಿಂದ. 1970ರ ಸೆಪ್ಟೆಂಬರ್ ಕೊನೆಯಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹಬ್ಬಿದ ಬೆಂಕಿ 13 ದಿನ ಉರಿಯಿತು. 16 ಜನ ಸತ್ತರು. 700ಕ್ಕೂ ಹೆಚ್ಚು ಕಟ್ಟಡಗಳು ಹೋದವು, 5 ಲಕ್ಷ ಎಕರೆಗೂ ಜಾಸ್ತಿ ಸುಟ್ಟಿತು. ಆಮೇಲೆ ಕೂತು ನೋಡಿದಾಗ ಕಂಡಿದ್ದು ಜನ ಸಾಲದ ತೊಂದರೆ ಮಾತ್ರ ಅಲ್ಲ. ಒಂದು ಇಲಾಖೆಯ ವೈರ್‌ಲೆಸ್ ಇನ್ನೊಂದಕ್ಕೆ ಕೇಳಿಸುತ್ತಿರಲಿಲ್ಲ. ಒಬ್ಬನೇ ಅಧಿಕಾರಿಯ ಕೈಕೆಳಗೆ ಲೆಕ್ಕವಿಲ್ಲದಷ್ಟು ಜನ. ಒಂದೇ ಹೆಸರಿಗೆ ಇಲಾಖೆಗೊಂದು ಅರ್ಥ. ಟ್ಯಾಂಕರ್ ಕಳಿಸಿ ಅಂದರೆ ಕೆಲವರಿಗೆ ನೀರಿನ ಲಾರಿ, ಕೆಲವರಿಗೆ ನೀರು ಸುರಿಯುವ ವಿಮಾನ!

ಅಮೆರಿಕದ ಸಂಸತ್ತು ಅಲ್ಲಿನ ಅರಣ್ಯ ಸೇವೆಗೆ ಹಣ ಕೊಟ್ಟು, ಇದಕ್ಕೊಂದು ದಾರಿ ಹುಡುಕಿ ಎಂದಿತು. ರಾಜ್ಯದ ಮತ್ತು ಸ್ಥಳೀಯ ಅಗ್ನಿಶಾಮಕ ಸಂಸ್ಥೆಗಳೂ ಜೊತೆಗೂಡಿದವು. ಆ ಕೂಟದ ಹೆಸರು ಫೈರ್‌ಸ್ಕೋಪ್. ಅವರು 1970ರ ದಶಕದಲ್ಲಿ ಕಟ್ಟಿದ್ದೇ ಇನ್ಸಿಡೆಂಟ್ ಕಮಾಂಡ್ ಸಿಸ್ಟಂ, ಚಿಕ್ಕದಾಗಿ ಐಸಿಎಸ್. ಇವತ್ತು ಎಷ್ಟೋ ದೇಶಗಳಲ್ಲಿ ಬಳಕೆಯಲ್ಲಿರುವುದು ಇದೇ, ಇಲ್ಲವೇ ಇದರ ತಮ್ಮಂದಿರು.

ಇದರ ಜಾಣತನ ಇರುವುದು ಒಂದು ಸಣ್ಣ ತಿರುವಿನಲ್ಲಿ. ಯಾರು ದೊಡ್ಡವರು ಅನ್ನುವ ಜಗಳಕ್ಕೇ ಅದು ಹೋಗಲಿಲ್ಲ. ಯಾವ ಕೆಲಸ ಯಾರದು ಅಂತ ಮಾತ್ರ ಕೇಳಿತು. ಅಪ್ಪಣೆ ಕೊಡುವುದು, ಕಾರ್ಯಾಚರಣೆ ನಡೆಸುವುದು, ಮುಂದಿನ ಯೋಜನೆ ಮಾಡುವುದು, ಸಾಮಾನು ಸರಂಜಾಮು ಒದಗಿಸುವುದು, ಖರ್ಚಿನ ಲೆಕ್ಕ ಇಡುವುದು. ಅವಘಡ ಸಣ್ಣದಾದರೆ ಐದೂ ಒಬ್ಬರ ತಲೆ ಮೇಲೆ. ದೊಡ್ಡದಾದ ಹಾಗೆ ಒಂದೊಂದನ್ನೇ ಬೇರೆಯವರಿಗೆ ವಹಿಸಬೇಕು. ಒಬ್ಬರ ಕೈಕೆಳಗೆ ಮೂರರಿಂದ ಏಳು ಜನ, ಐದಾದರೆ ಒಳ್ಳೆಯದು. ಮೊದಲು ಬಂದ ಗಾಡಿಯ ಮುಖ್ಯಸ್ಥನೇ ಆ ಹೊತ್ತಿಗೆ ಕಮಾಂಡರ್. ಅವನಿಗಿಂತ ಮೇಲಿನ ಸಾಹೇಬರು ಬಂದು ಇಳಿದರು ಅಂದ ಮಾತ್ರಕ್ಕೆ ಅಧಿಕಾರ ಕೈ ಬದಲಾಗುವುದಿಲ್ಲ. ಏನಾಗಿದೆ, ಯಾರು ಎಲ್ಲಿದ್ದಾರೆ, ಏನು ಬಾಕಿ ಇದೆ ಅಂತ ಕೇಳಿಸಿಕೊಂಡು, ವಹಿಸಿಕೊಂಡೆ ಅಂತ ಎಲ್ಲರಿಗೂ ತಿಳಿಸಬೇಕು. ಇದಕ್ಕೆಂದೇ 201 ನಂಬರಿನ ಒಂದು ಫಾರಂ ಇದೆ. ಅದರ ಮೊದಲ ಕೆಲಸ ಜಾಗದ ನಕ್ಷೆಯನ್ನು ಕೈಯಲ್ಲೇ ಗೀಚುವುದು. ಬೆಂಕಿ ಉರಿಯುವಾಗ ಫಾರಂ ತುಂಬೋದಾ ಅಂತ ನಗು ಬರಬಹುದು. ಆದರೆ ಗೀಚಿದ ಆ ನಕ್ಷೆ ಇಲ್ಲದಿದ್ದರೆ, ಬಂದ ಪ್ರತಿಯೊಬ್ಬರಿಗೂ ಅದೇ ಕಥೆಯನ್ನು ಮೊದಲಿಂದ ಹೇಳುತ್ತಾ ಕೂರಬೇಕು.

ಒಂದಕ್ಕಿಂತ ಹೆಚ್ಚು ಇಲಾಖೆಗಳಿಗೆ ಕಾನೂನಿನ ಹೊಣೆ ಇದ್ದರೆ ಅವುಗಳ ಮುಖ್ಯಸ್ಥರು ಒಂದೇ ಕಡೆ ಕೂತು ಒಂದೇ ಯೋಜನೆ ಒಪ್ಪಬೇಕು. ಇದು ಜಂಟಿ ಕಮಾಂಡ್. ಹೇಳುವುದು ಸುಲಭ, ಅಲ್ವಾ?

ಬ್ರಿಟನ್ನಿನವರು ಬೇರೆ ದಾರಿಯಿಂದ ಹತ್ತಿರ ಹತ್ತಿರ ಇಲ್ಲಿಗೇ ಬಂದರು. 1985ರಲ್ಲಿ ಲಂಡನ್ನಿನ ಬ್ರಾಡ್‌ವಾಟರ್ ಫಾರ್ಮ್ ಗಲಭೆ ಆದ ಮೇಲೆ ಅಲ್ಲಿನ ಪೊಲೀಸರು ಚಿನ್ನ, ಬೆಳ್ಳಿ, ಕಂಚು ಅಂತ ಮೂರು ಹಂತ ಮಾಡಿಕೊಂಡರು. ಒಟ್ಟು ಗುರಿ ಏನು ಅನ್ನುವುದು ಚಿನ್ನ, ಅದನ್ನು ಸಾಧಿಸುವ ಬಗೆ ಬೆಳ್ಳಿ, ಸ್ಥಳದಲ್ಲಿ ಮಾಡಿಸುವವರು ಕಂಚು. ಇಲ್ಲೂ ಭುಜದ ಮೇಲಿನ ನಕ್ಷತ್ರಕ್ಕಿಂತ ಆ ದಿನದ ಪಾತ್ರವೇ ಮುಖ್ಯ.

ಒಳ್ಳೆಯ ಪದ್ಧತಿ ಅಂತ ಎಲ್ಲರೂ ತಾವಾಗಿ ಒಪ್ಪಿಕೊಂಡರು ಅಂದುಕೊಳ್ಳಬೇಡಿ. 1991ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಗುಡ್ಡಗಳಲ್ಲಿ ಬೆಂಕಿ ಬಿದ್ದು 25 ಜನ ಸತ್ತರು. ಸಹಾಯಕ್ಕೆ ಬಂದ ಪಕ್ಕದೂರಿನ ದಳಗಳ ಪೈಪು ಅಲ್ಲಿನ ಹೈಡ್ರಂಟ್‌ಗೆ, ಅಂದರೆ ಬೆಂಕಿ ಆರಿಸಲು ಬೀದಿಯಲ್ಲಿಟ್ಟ ನೀರಿನ ಕೊಳಾಯಿಗೆ, ಕೂರಲೇ ಇಲ್ಲ. ಬೇರೆ ಊರುಗಳಲ್ಲಿ ಜೋಡಣೆಯ ಅಳತೆ 2.5 ಇಂಚು, ಓಕ್‌ಲ್ಯಾಂಡಿನದು 3 ಇಂಚು. ಆಗ ರಾಜ್ಯ ಕಾನೂನು ಮಾಡಿ ಹಣಕ್ಕೆ ಗಂಟು ಹಾಕಿತು. ಐಸಿಎಸ್ ಸೇರಿದ ಒಂದೇ ಪದ್ಧತಿಯನ್ನು ಎಲ್ಲರೂ ಬಳಸಿದರೆ ಸ್ಥಳೀಯ ಸಂಸ್ಥೆಗಳಿಗೆ ಖರ್ಚು ವಾಪಸ್, ಇಲ್ಲದಿದ್ದರೆ ಕಷ್ಟ. 2001ರ ಸೆಪ್ಟೆಂಬರಿನ ಭಯೋತ್ಪಾದಕ ದಾಳಿಗಳ ನಂತರ ಅಮೆರಿಕದ ಕೇಂದ್ರ ಸರ್ಕಾರವೂ ಇದೇ ಉಪಾಯ ಮಾಡಿತು. ನನಗನಿಸುವ ಹಾಗೆ, ಐಸಿಎಸ್ ಹರಡಿದ್ದರಲ್ಲಿ ಅದರ ಗುಣದ ಪಾಲಿನಷ್ಟೇ ಅನುದಾನದ ಪಾಲೂ ಇದೆ.

2001ರ ಸೆಪ್ಟೆಂಬರ್ 11 ಈ ಕಥೆಯಲ್ಲಿ ಎರಡು ಮುಖದ ದಿನ. ನ್ಯೂಯಾರ್ಕಿನಲ್ಲಿ ಪೊಲೀಸರು ಮತ್ತು ಅಗ್ನಿಶಾಮಕ ದಳ ಬೇರೆ ಬೇರೆ ಕಮಾಂಡ್ ಪೋಸ್ಟ್ ಇಟ್ಟುಕೊಂಡಿದ್ದರು. ವಿಮಾನ ಬಡಿದ ವರ್ಲ್ಡ್ ಟ್ರೇಡ್ ಸೆಂಟರ್ ಗೋಪುರ ಬೀಳುವ ಹಾಗಿದೆ ಎಂದು ಪೊಲೀಸ್ ಹೆಲಿಕಾಪ್ಟರಿನಿಂದ ಬಂದ ಎಚ್ಚರಿಕೆ ಪೊಲೀಸರ ವೈರ್‌ಲೆಸ್‌ನಲ್ಲೇ ಉಳಿಯಿತು. ಆ ದಿನ 343 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಸಾವಿಗೆಲ್ಲ ಅದೊಂದೇ ಕಾರಣ ಅಂತಲ್ಲ, ಆದರೆ ಆ ಕಂದಕ ಇದ್ದದ್ದು ನಿಜ. ಅದೇ ದಿನ ದಾಳಿಗೆ ಸಿಕ್ಕ ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್‌ನಲ್ಲಿ ಆರ್ಲಿಂಗ್ಟನ್ ಕೌಂಟಿಯ ಅಗ್ನಿಶಾಮಕ ದಳ ಕಮಾಂಡ್ ಹಿಡಿಯಿತು, ಉಳಿದವರು ಅದರ ಜೊತೆ ನಿಂತರು. ಹತ್ತು ದಿನದ ನಂತರ, 21ರಂದು, ಜಾಗವನ್ನು ಕೇಂದ್ರದ ತನಿಖಾ ಸಂಸ್ಥೆ ಎಫ್‌ಬಿಐಗೆ ಒಪ್ಪಿಸಿತು. ತನಿಖಾ ಆಯೋಗ ಇದನ್ನು ಹೊಗಳಿತು. ಅವಘಡ ಒಂದೇ, ಅದೂ ಸಾವಿರ ಅಡಿ ಎತ್ತರದಲ್ಲಲ್ಲ ಅಂತ ಒಪ್ಪಿಕೊಂಡೇ ಹೊಗಳಿತು. ಆಯೋಗ ಕೊಟ್ಟ ಕಾರಣಗಳಲ್ಲಿ ಐಸಿಎಸ್ ಒಂದು. ಇನ್ನೊಂದು, ಆ ಅಧಿಕಾರಿಗಳಿಗೆ ಮೊದಲೇ ಒಬ್ಬರಿಗೊಬ್ಬರ ಪರಿಚಯ, ನಂಬಿಕೆ ಇದ್ದದ್ದು.

ಭಾರತಕ್ಕೆ ಈ ಪದ್ಧತಿ ಬಂದದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಮೇಲೆ, 2010ರ ರಾಷ್ಟ್ರೀಯ ಮಾರ್ಗಸೂಚಿಯ ಮೂಲಕ. ಇಲ್ಲಿ ಜಿಲ್ಲೆಯ ಹೊಣೆ ಜಿಲ್ಲಾಧಿಕಾರಿಯದು. ಅಮೆರಿಕದ ಮೂಲವನ್ನು ಹಾಗೇ ಎತ್ತಿಕೊಳ್ಳದೆ, ಲೆಕ್ಕಪತ್ರದ ಕೆಲಸವನ್ನು ಸರಂಜಾಮಿನ ವಿಭಾಗದೊಳಕ್ಕೇ ಸೇರಿಸಿದ್ದಾರೆ.

ಎಲ್ಲ ಕಡೆಯೂ ಉಳಿದಿರುವ ಒಂದು ಕೊರತೆ ಇದೆ. ಕಾಳ್ಗಿಚ್ಚಿನವರು ಮಾಡಿದ ಚೌಕಟ್ಟಿನಲ್ಲಿ ಸಮವಸ್ತ್ರ ಇಲ್ಲದವರಿಗೆ ಸರಿಯಾದ ಜಾಗವಿಲ್ಲ. ಯಾವ ಗಾಡಿಯೂ ಬರುವ ಮೊದಲೇ ಅವಶೇಷಕ್ಕೆ ಕೈ ಹಾಕುವವರು ಅಕ್ಕಪಕ್ಕದವರು ತಾನೇ? ಅವರು ಈ ಚೌಕಟ್ಟಿನ ಯಾವ ಖಾನೆಯಲ್ಲಿ ಬರುತ್ತಾರೆ?

ಇನ್ನು ಕಾಗದದಲ್ಲಿ ಎಲ್ಲವೂ ಇದ್ದಾಗ ಏನಾಗಬಹುದು ಅನ್ನುವುದಕ್ಕೆ ಬ್ರಿಟನ್ನಿನ ಮ್ಯಾಂಚೆಸ್ಟರ್ ಇದೆ. 2017ರ ಮೇ 22ರ ರಾತ್ರಿ 10.31ಕ್ಕೆ ಅಲ್ಲಿನ ಅರೀನಾದಲ್ಲಿ, ಅಂದರೆ ಸಂಗೀತ ಕಛೇರಿ ನಡೆಯುವ ದೊಡ್ಡ ಸಭಾಂಗಣದಲ್ಲಿ, ಬಾಂಬ್ ಸಿಡಿದು 22 ಜನ ಸತ್ತರು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಈ ಮೂರು ಸೇವೆಗಳು ಜೊತೆಯಾಗಿ ಕೆಲಸ ಮಾಡಲು ಬ್ರಿಟನ್ 2012ರಲ್ಲೇ ಒಂದು ಕಾರ್ಯಕ್ರಮ ಶುರು ಮಾಡಿತ್ತು. ಅದರ ಮೊದಲ ಸೂತ್ರವೇ ಕಮಾಂಡರ್‌ಗಳು ಒಂದೇ ಜಾಗದಲ್ಲಿ ಸೇರಬೇಕು ಅನ್ನುವುದು. ಆ ರಾತ್ರಿ ಯಾರೂ ಸೇರಲಿಲ್ಲ. ಬಂದೂಕುಧಾರಿ ಇರಬಹುದು ಅಂದುಕೊಂಡ ಪೊಲೀಸ್ ಕಂಟ್ರೋಲ್ ರೂಮಿನ ಅಧಿಕಾರಿ ಅದಕ್ಕಾಗಿಯೇ ಇದ್ದ ಯೋಜನೆ ಘೋಷಿಸಿದರು. ಆದರೆ ಬೇರೆ ಸೇವೆಗಳಿಗೆ ತಿಳಿಸಲಿಲ್ಲ. ಆ ಅಧಿಕಾರಿಯ ಮೇಲೆ ಕೆಲಸದ ಹೊರೆ ಎಷ್ಟಿತ್ತೆಂದರೆ ಫೋನ್ ಮಾಡಿದವರಿಗೆ ಸಿಗುತ್ತಲೇ ಇರಲಿಲ್ಲ. ಅಗ್ನಿಶಾಮಕ ಗಾಡಿಗಳು ಹತ್ತಿರದ ಠಾಣೆಯಿಂದ ಅರೀನಾಕ್ಕೆ ಹೋಗುವ ಬದಲು ಸುಮಾರು ಮೂರು ಮೈಲಿ ದೂರದ ಜಾಗಕ್ಕೆ ಹೋಗಿ ಕಾದವು. ಅವು ಅರೀನಾ ತಲುಪುವಾಗ ಸ್ಫೋಟವಾಗಿ ಎರಡು ತಾಸು ದಾಟಿತ್ತು. ಮೊದಲ ನಲವತ್ತು ನಿಮಿಷದಲ್ಲಿ ಸ್ಫೋಟವಾದ ಕೋಣೆಗೆ ಬಂದದ್ದು ಒಬ್ಬರೇ ಪ್ಯಾರಾಮೆಡಿಕ್, ಅಂದರೆ ಆಂಬುಲೆನ್ಸಿನ ತುರ್ತು ಚಿಕಿತ್ಸಕ. ಆ ಹೊತ್ತಿನಲ್ಲಿ ಗಾಯಾಳುಗಳನ್ನು ಹೊರಗೆ ತಂದದ್ದು ಸ್ಟ್ರೆಚರ್ ಮೇಲಲ್ಲ. ಪೊಲೀಸರೂ ಸಾಮಾನ್ಯ ಜನರೂ ಸೇರಿ ಜಾಹೀರಾತು ಹಲಗೆ, ಕಬ್ಬಿಣದ ತಡೆಬೇಲಿಗಳ ಮೇಲೆ ಮಲಗಿಸಿ ಹೊತ್ತು ತಂದರು.