ನಿಧಾನ ನೀರಿಗೆ ಯಾವ ಜನರೇಟರ್?

ಹರಿವ ನೀರಿಗೆ ರೆಕ್ಕೆ ಇಳಿಬಿಟ್ಟು ಕರೆಂಟ್ ತೆಗೆಯುವ ಮಾತು ಬಂದರೆ, ಕಲಬುರಗಿಯ ಮೋಟರ್ ರಿವೈಂಡಿಂಗ್ ಅಂಗಡಿಗಳಲ್ಲಿ ಸಿಗುವ ಸಲಹೆ ಒಂದೇ: ‘ಟ್ರ್ಯಾಕ್ಟರಿನ ಹಳೇ ಆಲ್ಟರ್ನೇಟರ್ ಹಚ್ರಿ’. ಅದು ಸರಿಯಾಗಿ ಚಾರ್ಜ್ ಕೊಡಲು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ಬೇಕು. ಸಮುದ್ರದ ಉಬ್ಬರವಿಳಿತವಾಗಲಿ, ನಾರಾಯಣಪುರ ಎಡದಂಡೆ ಕಾಲುವೆಯಾಗಲಿ, ನೀರು ಅಷ್ಟು ತಿರುಗಿಸಿಕೊಡುವುದಿಲ್ಲ.

ಲೆಕ್ಕ ನೋಡಿ. 2 ಮೀಟರ್ ವ್ಯಾಸದ ಟರ್ಬೈನ್, ಸೆಕೆಂಡಿಗೆ 2 ಮೀಟರ್ ಓಡುವ ನೀರು. ರೆಕ್ಕೆಯ ತುದಿ ನೀರಿನ ಐದು ಪಟ್ಟು ವೇಗದಲ್ಲಿ ಓಡಿದರೂ ನಿಮಿಷಕ್ಕೆ 95 ಸುತ್ತು. ಶೇ 35ರಷ್ಟು ಶಕ್ತಿ ಹಿಡಿದರೆ 4.4 ಕಿಲೋವ್ಯಾಟ್. ಆಗ ದಂಡದ ಮೇಲೆ ಬೀಳುವ ಟಾರ್ಕ್ (ತಿರುಚುವ ಬಲ) 440 ನ್ಯೂಟನ್ ಮೀಟರ್. ಅಷ್ಟೇ ಕಿಲೋವ್ಯಾಟಿಗೆ 2,900 ಸುತ್ತಿನ ಬೋರ್‌ವೆಲ್ ಮೋಟರಿಗೆ ಬೇಕಿರುವುದು 14.5 ಮಾತ್ರ. ನೀರಿನ ಟರ್ಬೈನ್ ಗಾಣದ ಎತ್ತು: ನಡಿಗೆ ನಿಧಾನ, ಎಳೆತ ಭಾರಿ. ತಾಮ್ರ, ಕಬ್ಬಿಣ ಎಷ್ಟು ಬೇಕೆಂದು ಹೇಳುವುದು ಈ ಟಾರ್ಕೇ. ನಾಮಫಲಕದ ಕಿಲೋವ್ಯಾಟ್ ನೋಡಿ ಜನರೇಟರ್ ಕೊಳ್ಳುವವರು ಎಡವುವುದು ಇಲ್ಲೇ. ಹರಿವು 1 ಮೀಟರಿಗೆ ಇಳಿದರಂತೂ ಶಕ್ತಿ ಎಂಟನೇ ಒಂದು ಪಾಲು.

ಈ ನಿಧಾನದ ಕಾಟ ಹಳೆಯದು. 1832ರಲ್ಲಿ ಫ್ಯಾರಡೆ ಲಂಡನ್ನಿನ ವಾಟರ್ಲೂ ಸೇತುವೆಯಿಂದ ಥೇಮ್ಸ್‌ಗೆ ತಾಮ್ರದ ಫಲಕ ಇಳಿಬಿಟ್ಟು, ಭೂಮಿಯ ಕಾಂತಕ್ಷೇತ್ರದಲ್ಲಿ ಹರಿವ ನೀರಿನಿಂದಲೇ ವಿದ್ಯುತ್ ಹುಡುಕಿದ. ನಂಬುವಂಥ ಫಲ ಸಿಗಲಿಲ್ಲ. ಕಾಂತ ದುರ್ಬಲ, ನೀರು ನಿಧಾನ. ಹುಟ್ಟುವ ವೋಲ್ಟೇಜ್ ಅತ್ಯಲ್ಪ. ವೇಗ ತಗ್ಗಿದಷ್ಟೂ ಕಾಂತವನ್ನೋ ವ್ಯಾಸವನ್ನೋ ಹೆಚ್ಚಿಸಲೇಬೇಕು.

ಗೇರ್‌ಬಾಕ್ಸ್ ಹಾಕಿ 16 ಪಟ್ಟು ಏರಿಸಿದರೆ ಅಗ್ಗದ ನಾಲ್ಕು ಪೋಲಿನ (ಕಾಂತ ಧ್ರುವದ) ಇಂಡಕ್ಷನ್ ಮೋಟರೇ ಜನರೇಟರ್ ಆಗಿ ಸಾಕು. ಆದರೆ ಸೀಲ್ ಸವೆದು ಎಣ್ಣೆಗೆ ನೀರು ಬೆರೆತರೆ ಬೇರಿಂಗ್ ಹೋಯಿತು. ಸಮುದ್ರದಲ್ಲಿ ಅದನ್ನು ಬಿಚ್ಚಲು ಹಡಗು, ಕ್ರೇನು ಬೇಕು. ಗ್ರಿಡ್ ಇಲ್ಲದ ಕಡೆ ಅದರೊಳಗೆ ಕಾಂತಕ್ಷೇತ್ರ ಹುಟ್ಟಿಸಲು ಕೆಪಾಸಿಟರ್ ಬೇರೆ ಬೇಕು. ಲೋಡ್ ಮೀರಿದರೆ ವೋಲ್ಟೇಜ್ ಕುಸಿದು ಉಳಿಕೆ ಕಾಂತತ್ವವೂ ಅಳಿಯಬಹುದು. ಬ್ಯಾಟರಿ ತಾಗಿಸಿ ಎಬ್ಬಿಸಬೇಕು.

ನನ್ನ ಒಲವು ಗೇರ್ ಇಲ್ಲದ ನೇರ ಜೋಡಣೆಯ ಶಾಶ್ವತ ಕಾಂತದ ಯಂತ್ರಕ್ಕೆ. 50 ಹರ್ಟ್ಸ್ ಬೇಕೆಂದರೆ 64 ಪೋಲು. ಆದರೆ ಡಿಸಿ ಮಾಡಿ ಇನ್ವರ್ಟರಿಗೆ ಕೊಡುವುದಾದರೆ 32 ಪೋಲು, 25 ಹರ್ಟ್ಸ್ ಸಾಕು. ಕಾಂತ ಸ್ಟೇಟರಿನ (ವೈರ್ ಸುತ್ತಿದ, ತಿರುಗದ ಭಾಗ) ಕಬ್ಬಿಣದ ಹಲ್ಲಿಗೆ ಕಚ್ಚಿಕೊಂಡರೆ ಸಣ್ಣ ಹರಿವಿಗೆ ಟರ್ಬೈನ್ ಅಲುಗುವುದೇ ಇಲ್ಲ. ಕಾಂತಗಳನ್ನು ಒಂದು ಸ್ಲಾಟಿನಷ್ಟು (ಹಲ್ಲುಗಳ ನಡುವಿನ ಸಂದು) ಓರೆಯಾಗಿ ಅಂಟಿಸಿ. ಸಾಧಾರಣ ನಿಯೋಡಿಮಿಯಂ ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೋಲುತ್ತದೆ. ನಿಕಲ್ ಲೇಪ ಗೀರಿದರೆ ತುಕ್ಕು ಹಿಡಿದು ಉಬ್ಬಿ ಸ್ಟೇಟರಿಗೆ ಉಜ್ಜುತ್ತದೆ, ಎಪಾಕ್ಸಿಯಲ್ಲಿ ಮುಚ್ಚಬೇಕು. ಆಗ ಬೋರ್‌ವೆಲ್ ಮೋಟರಿನಂತೆ ಪ್ಲಾಸ್ಟಿಕ್ ಹೊದಿಕೆಯ ವೈರ್ ಸುತ್ತಿ, ಒಳಗೆ ನೀರು ಬಿಟ್ಟುಕೊಂಡೇ ನಡೆಸಬಹುದು; ಸೀಲಿನ ಚಿಂತೆ ತಗ್ಗುತ್ತದೆ.

ಲೋಡ್ ತಪ್ಪಿದರೆ ರೆಕ್ಕೆಗೆ ಹಿಡಿತವಿಲ್ಲ. ವೇಗ ಏರಿದಷ್ಟೂ ವೋಲ್ಟೇಜ್ ಏರಿ ಡಯೋಡ್ ಸುಡುತ್ತದೆ. ಪೂರ್ತಿ 4.4 ಕಿಲೋವ್ಯಾಟ್ ತಿನ್ನುವ ಹೀಟರ್ ಕಾಯಿಲ್ ತಾನಾಗಿ ಸೇರಿಕೊಳ್ಳುವಂತಿರಲಿ. ಅದನ್ನು ದಡದಲ್ಲಿಟ್ಟು ಕೇಬಲ್ಲೇ ಕಿತ್ತುಹೋದರೆ ಕಾಯಿಲ್ ಇದ್ದೂ ಉಪಯೋಗವಿಲ್ಲ. ಟರ್ಬೈನಿಗೆ ಬೇರೆ ಬ್ರೇಕ್ ಇರಲೇಬೇಕು.