ಕಾಡಿನ ಜೋಲಿಯನ್ನು ಬಿಗಿಯಬೇಡಿ

ಎರಡು ಮರ, ನಡುವೆ ಒಂದು ನೈಲಾನ್ ಬಟ್ಟೆ. ಹ್ಯಾಮಕ್ ಅಂದರೆ ಅಷ್ಟೇ. ಆದರೆ ಹೊಸದಾಗಿ ಕಟ್ಟುವವರು ಸಾಮಾನ್ಯವಾಗಿ ಮಾಡುವ ಕೆಲಸ ಒಂದಿದೆ. ಮಂಚದ ಹಾಗೆ ಸಪಾಟಾಗಿರಲಿ ಅಂತ ಹಗ್ಗವನ್ನು ಜಗ್ಗಿ ಜಗ್ಗಿ ಬಿಗಿಯುತ್ತಾರೆ. ಬೆನ್ನು ನೋಯುವುದು, ಹಗ್ಗ ಹರಿಯುವುದು, ಮರಕ್ಕೆ ಗಾಯವಾಗುವುದು ಎಲ್ಲ ಶುರುವಾಗುವುದು ಅಲ್ಲಿಂದಲೇ.

70 ಕಿಲೋ ತೂಕದ ಒಬ್ಬರು ಮಲಗಿದ್ದಾರೆ ಅನ್ನಿ. ಹಗ್ಗ ಎರಡಿದೆ, ತಲಾ 35 ಕಿಲೋ ಹೊತ್ತರೆ ಸಾಕಲ್ವಾ? ಹಗ್ಗಗಳು ನೇರ ಮೇಲಿನಿಂದ ಇಳಿದಿದ್ದರೆ ಮಾತ್ರ ಆ ಲೆಕ್ಕ ಸರಿ. ಓರೆಯಾಗಿದ್ದಾಗ ಹಗ್ಗದ ಎಳೆತದಲ್ಲಿ ಒಂದು ಪಾಲಷ್ಟೇ ನಿಮ್ಮನ್ನು ಮೇಲಕ್ಕೆ ಹಿಡಿಯುತ್ತದೆ. ಉಳಿದದ್ದು ಸುಮ್ನೆ ಎರಡು ಮರಗಳನ್ನು ಒಂದರ ಕಡೆಗೆ ಒಂದು ಎಳೆಯುತ್ತಿರುತ್ತದೆ. ಅಡ್ಡಗೆರೆಯಿಂದ 30 ಡಿಗ್ರಿ ಇಳಿಜಾರಿದ್ದರೆ ಒಂದೊಂದು ಹಗ್ಗದ ಮೇಲೂ 70 ಕಿಲೋ ಭಾರ ಬೀಳುತ್ತದೆ. 10 ಡಿಗ್ರಿಗೆ ಬಿಗಿದರೆ ಅದೇ 200 ಕಿಲೋ. 5 ಡಿಗ್ರಿಗೆ 400! ಬಟ್ಟೆ ಒಣಹಾಕುವ ತಂತಿಯನ್ನು ತೀರಾ ಬಿಗಿದು ಕಟ್ಟಿ, ಒದ್ದೆ ಕಂಬಳಿ ಹಾಕಿದಾಗ ಗೋಡೆಯ ಮೊಳೆ ಕಿತ್ತು ಬರುವುದೂ ಹೀಗೆಯೇ. ಅದಕ್ಕೇ ಅನುಭವಸ್ಥರು 30 ಡಿಗ್ರಿಯ ಆಸುಪಾಸಿನಲ್ಲಿ ಕಟ್ಟುತ್ತಾರೆ.

ಇಷ್ಟೆಲ್ಲ ಎಳೆತವನ್ನು ತಡೆಯಬೇಕಾದ್ದು ಮರ. ತೊಗಟೆಯ ಕೆಳಗೇ ಕ್ಯಾಂಬಿಯಂ ಎಂಬ ತೆಳುವಾದ ಜೀವಂತ ಪದರ ಇರುತ್ತದೆ. ಮರ ದಪ್ಪವಾಗುವುದು ಇದರಿಂದಲೇ. ಸಣ್ಣ ಹಗ್ಗ ಸುತ್ತಿದರೆ ಭಾರವೆಲ್ಲ ಒಂದು ಗೆರೆಯ ಮೇಲೆ ಬಿದ್ದು ಆ ಪದರ ಜಜ್ಜಿಹೋಗಬಹುದು. ಎರಡು ಬೆರಳಗಲದ ಪಟ್ಟಿಯಾದರೆ ಭಾರ ಹಂಚಿಹೋಗುತ್ತದೆ.

ಮಲೆನಾಡಿನ ಹೋಂಸ್ಟೇಗೆ ಹೋದವರಿಗೆ ಅಡಿಕೆ ತೋಟ ಕಂಡರೆ ಕೈ ತುರಿಸುತ್ತದೆ. ಸಾಲಾಗಿ ನೆಟ್ಟ ಕಂಬಗಳಂಥ ಮರಗಳು, ಕೆಳಗೆ ತಂಪು. ಮರದಿಂದ ಮರಕ್ಕೆ ಸಾಮಾನ್ಯವಾಗಿ 9 ಅಡಿ ಇರುತ್ತದೆ. ಹ್ಯಾಮಕ್ಕಿಗೆ 12ರಿಂದ 15 ಅಡಿ ಬೇಕು. ನಾಲ್ಕು ಮರಗಳ ಚೌಕದಲ್ಲಿ ಮೂಲೆಯಿಂದ ಮೂಲೆಗೆ ಅಳೆದರೆ 12 ಅಡಿ ದಾಟುತ್ತದೆ, ನಿಜ. ಆದರೂ ಬೇಡ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಒಂದು ಮರದ ತುದಿಯಲ್ಲಿ ಕೂತು, ಅದನ್ನು ಬಾಗಿಸಿ ಪಕ್ಕದ ಮರವನ್ನು ಹಿಡಿಯುವುದನ್ನು ನೋಡಿದ್ದರೆ ಆ ಕಾಂಡ ಎಷ್ಟು ಬಳುಕುತ್ತದೆ ಅಂತ ಗೊತ್ತಿರುತ್ತದೆ. ಜೊತೆಗೆ ಅಡಿಕೆ, ತೆಂಗಿನಂಥ ಮರಗಳಲ್ಲಿ ಕ್ಯಾಂಬಿಯಂ ಪದರವೇ ಇಲ್ಲ. ಕಾಂಡಕ್ಕೆ ಆದ ಗಾಯ ಬೇರೆ ಮರಗಳಂತೆ ಮುಚ್ಚಿಕೊಳ್ಳುವುದಿಲ್ಲ, ಹಾಗೇ ಉಳಿಯುತ್ತದೆ. ತೆಂಗಿನ ಮರಕ್ಕೆ ಕಟ್ಟುವ ಮುಂಚೆ ಒಮ್ಮೆ ಮೇಲೆ ನೋಡಿದರೆ ಸಾಕು, ಮನಸ್ಸು ತಾನಾಗೇ ಬದಲಾಗುತ್ತದೆ.

ಸಡಿಲ ಕಟ್ಟಿದರೆ ಬೆನ್ನು ಬಿಲ್ಲಾಗುವುದಿಲ್ಲವೇ? ನಡುಗೆರೆಯಲ್ಲೇ ಉದ್ದಕ್ಕೆ ಮಲಗಿದರೆ ಆಗುತ್ತದೆ. ಕೋನವಾಗಿ, ತಲೆ ಒಂದು ಅಂಚಿಗೆ, ಕಾಲು ಎದುರಿನ ಅಂಚಿಗೆ ಬರುವಂತೆ ಮಲಗಿದರೆ ಮೈ ಕೆಳಗಿನ ಬಟ್ಟೆ ಹರಡಿಕೊಂಡು ಬಹುತೇಕ ಸಪಾಟಾಗುತ್ತದೆ. ಸಡಿಲ ಇದ್ದರೆ ಮಾತ್ರ ಹೀಗೆ ತಿರುಗಲು ಜಾಗ ಸಿಗುವುದು. ಮೆಕ್ಸಿಕೊದ ಯುಕಟಾನಿನಲ್ಲಿ ಇಂದಿಗೂ ಎಷ್ಟೋ ಮನೆಗಳಲ್ಲಿ ಹ್ಯಾಮಕ್ಕೇ ಹಾಸಿಗೆ. ಅಲ್ಲಿನವರು ಮಲಗುವುದು ಹೀಗೇ. ಈ ಜಾಣತನ ಅಮೆರಿಕ ಖಂಡದ ಮೂಲನಿವಾಸಿಗಳದ್ದು. 1492ರಲ್ಲಿ ಕೊಲಂಬಸ್ ಬಹಾಮಾಸಿನಲ್ಲಿ ಇದನ್ನು ಕಂಡ. 1597ರ ಹೊತ್ತಿಗೆ ಇಂಗ್ಲೆಂಡಿನ ನೌಕಾಪಡೆಯೂ ಇದನ್ನು ಒಪ್ಪಿಕೊಂಡಿತ್ತು.

ಇನ್ನು ಚಳಿ. ಬೆಚ್ಚಗಿನ ರಾತ್ರಿಯಲ್ಲೂ ಹ್ಯಾಮಕ್ಕಿನಲ್ಲಿ ಬೆನ್ನು ಥಣ್ಣಗಾಗುತ್ತದೆ. ಸ್ಲೀಪಿಂಗ್ ಬ್ಯಾಗ್ ಇದೆಯಲ್ಲ ಅಂತ ಧೈರ್ಯ ಮಾಡಿದವರೂ ನಡುಗುತ್ತಾರೆ. ಬ್ಯಾಗಿನ ಬಿಸುಪು ಬರುವುದು ಅದರ ಎಳೆಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿಯಿಂದ. ನಿಮ್ಮ ತೂಕ ಬಿದ್ದ ಕಡೆ ಆ ಗಾಳಿಯೆಲ್ಲ ಹಿಂಡಿಹೋಗುತ್ತದೆ. ಕೆಳಗೆ ಬೀಸುವ ಗಾಳಿ ಮೈಯ ಬಿಸಿಯನ್ನು ಎತ್ತಿಕೊಂಡು ಹೋಗುತ್ತಲೇ ಇರುತ್ತದೆ. ಹಾಗಾಗಿ ರಗ್ಗನ್ನು ಹ್ಯಾಮಕ್ಕಿನ ಒಳಗೆ ಹಾಸುವುದಕ್ಕಿಂತ, ಹೊರಗೆ ಕೆಳಭಾಗಕ್ಕೆ ತೂಗುಹಾಕುವುದು ಮೇಲು. ಅಲ್ಲಿ ಅದು ಉಬ್ಬಿಕೊಂಡೇ ಇರುತ್ತದೆ. ಸೊಳ್ಳೆ ಬಟ್ಟೆಯ ಮೂಲಕವೇ ಬೆನ್ನಿಗೆ ಚುಚ್ಚುವುದೂ ತಪ್ಪುತ್ತದೆ. ನಮ್ಮ ಘಟ್ಟದ ಕಡೆ ಇದು ಸಣ್ಣ ಲಾಭವೇನಲ್ಲ.

ತೂಗಿದರೆ ನಿದ್ದೆ ಬರುತ್ತದೆ ಅನ್ನುವುದಕ್ಕೆ ಸೀರೆಯ ಜೋಲಿಯಲ್ಲಿ ಬೆಳೆದ ನಮಗೆ ಸಾಕ್ಷಿ ಬೇಕಿಲ್ಲ. ಆದರೂ ಸ್ವಿಟ್ಜರ್ಲೆಂಡಿನ ಸಂಶೋಧಕರು ಅಳೆದು ನೋಡಿದರು. 2011ರಲ್ಲಿ 12 ಗಂಡಸರನ್ನು ಮಧ್ಯಾಹ್ನ ತೂಗುವ ಮಂಚದಲ್ಲಿ ಮಲಗಿಸಿದರು. ನಿಂತ ಮಂಚಕ್ಕಿಂತ ಇದರಲ್ಲಿ ಬೇಗ ನಿದ್ದೆ ಹತ್ತಿತು. 2019ರಲ್ಲಿ ಇಡೀ ರಾತ್ರಿ ತೂಗಿ ನೋಡಿದಾಗ ಗಾಢ ನಿದ್ದೆ ಹೆಚ್ಚಿತು. ಅದೇ ವರ್ಷ ಇಲಿಗಳ ಮೇಲೂ ಪ್ರಯೋಗ ನಡೆಯಿತು. ಒಳಕಿವಿಯಲ್ಲಿ ಚಲನೆಯನ್ನು ಗುರುತಿಸುವ ಪುಟ್ಟ ಅಂಗಗಳಿವೆ. ಅವು ಕೆಲಸ ಮಾಡದ ಇಲಿಗಳಿಗೆ ಎಷ್ಟು ತೂಗಿದರೂ ಪ್ರಯೋಜನವಾಗಲಿಲ್ಲ. ತೂಗಾಟ ಮಿದುಳಿಗೆ ತಲುಪುವುದು ಕಿವಿಯ ದಾರಿಯಲ್ಲಿ ಅಂತಾಯಿತು.

ಆ ಮಂಚಗಳು 4 ಸೆಕೆಂಡಿಗೊಮ್ಮೆ ಹೋಗಿ ಬರುತ್ತಿದ್ದವು. ಲೋಲಕವೊಂದು ಹಾಗೆ ತೂಗಬೇಕಾದರೆ ಅದರ ಉದ್ದ ಸುಮಾರು 4 ಮೀಟರ್ ಇರಬೇಕು. ಒಂದು ಮೀಟರ್ ಇಳಿಬಿದ್ದ ಹ್ಯಾಮಕ್ ಸುಮಾರು 2 ಸೆಕೆಂಡಿಗೊಮ್ಮೆ ತೂಗುತ್ತದೆ. ಬಿಗಿದಷ್ಟೂ ಈ ಇಳಿ ಕಡಿಮೆಯಾಗಿ ತೂಗಾಟ ಇನ್ನೂ ಚುರುಕಾಗುತ್ತದೆ. ನಿಧಾನಕ್ಕೆ ತೂಗಬೇಕೆಂದರೆ ಇಲ್ಲೂ ಸಡಿಲ ಬಿಡಬೇಕು. ಆದರೆ ಪ್ರಯೋಗಾಲಯದ ಮಂಚಕ್ಕೆ ಮೋಟಾರ್ ಇತ್ತು, ಮನೆಯ ಜೋಲಿಗೆ ಅಜ್ಜಿ ಇದ್ದಳು. ಕಾಡಿನಲ್ಲಿ ಪಕ್ಕದ ಮರಕ್ಕೆ ಒಂದು ದಾರ ಕಟ್ಟಿಕೊಂಡು ಆಗಾಗ ನೀವೇ ಎಳೆದುಕೊಳ್ಳಬೇಕು.